ಟೈರಿನ ವ್ಯಾಕರಣ

ಹತ್ತು ವರ್ಷಗಳಿಂದ ಕಾಲೇಜಿನಲ್ಲಿ ಹುಡುಗರಿಗೆ ಸಂಧಿ ಸಮಾಸಗಳನ್ನು ಬಿಡಿಸಿ ತೋರಿಸುತ್ತಾ, ಷಟ್ಪದಿಯ ಮಾತ್ರೆಗಳನ್ನು ಬೆರಳೆಣಿಸಿ ಗಣ ಹಾಕಿಸುತ್ತಾ ಬಂದವನು ನಾನು. ಅಚ್ಚಾದ ಅಕ್ಷರ ಎಲ್ಲಿದ್ದರೂ ಅದರ ಅರ್ಥ ಹೇಳಬಲ್ಲೆನೆಂಬ ಒಂದು ಸಣ್ಣ ಜಂಬ ನನಗಿತ್ತು. ಆದರೆ ಅಕ್ಷರಗಳು ಕಾಗದದ ಮೇಲಷ್ಟೇ ಅಲ್ಲ, ರಬ್ಬರಿನ ಮೇಲೂ ಅಚ್ಚಾಗಿರುತ್ತವೆ. ಅವನ್ನು ತಪ್ಪಾಗಿ ಓದಿದವನು ನಪಾಸಾಗುವುದಿಲ್ಲ, ನೇರವಾಗಿ ಹಳ್ಳಕ್ಕೆ ಬೀಳುತ್ತಾನೆ ಎಂಬ ಜ್ಞಾನೋದಯ ನನಗೆ ಈ ವರ್ಷದ ಬೇಸಗೆಯಲ್ಲಿ ಆಯಿತು. ಅದಕ್ಕೆ ಕಾರಣನಾದವನು ನಮ್ಮಣ್ಣ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯ ಆಚೆ, ಎರಡು ಗುಡ್ಡಗಳ ನಡುವಿನ ಅಡಿಕೆ ತೋಟದ ತಲೆಯ ಮೇಲೆ. ತಂದೆಯವರು ತೀರಿಕೊಂಡಾಗ ಅಣ್ಣ ಬಿ. ಎಸ್‌ಸಿ. ಎರಡನೆಯ ವರ್ಷದಲ್ಲಿದ್ದ. ಪುಸ್ತಕವನ್ನು ಅಟ್ಟಕ್ಕೆ ಹಾಕಿ ಅವನು ತೋಟಕ್ಕಿಳಿದ. ನನ್ನನ್ನು ಮೈಸೂರಿಗೆ ಕಳುಹಿಸಿ ಎಂ. ಎ. ಮಾಡಿಸಿದ. ಅಂದಿನಿಂದ ಅವನು ನನ್ನಲ್ಲಿ ಏನನ್ನೂ ಕೇಳಿದವನಲ್ಲ. ನಾನೂ ಅವನಿಗೆ 'ಇಲ್ಲ' ಎಂದವನಲ್ಲ. ಕೇಳದವನಿಗೆ ಇಲ್ಲ ಎನ್ನುವ ಪ್ರಸಂಗವಾದರೂ ಹೇಗೆ ಬಂದೀತು?

ನಾಲ್ಕು ವರ್ಷಗಳ ಹಿಂದೆ ಅಣ್ಣ ಒಂದು ಹಳೆಯ ಪಿಕಪ್ಪನ್ನು ಕೊಂಡ. ಅದರ ಬೆನ್ನಿಗೆ ಎರಡು ಗಾಲಿಯ ಒಂದು ಟ್ರೈಲರು. ಅಡಿಕೆಗೊನೆ, ಗೊಬ್ಬರ, ದರಗು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಪೀಪಾಯಿಗಳು ಎಲ್ಲವನ್ನೂ ಆ ಜೋಡಿಯೇ ಎಳೆಯಬೇಕು. ಕಳೆದ ವರ್ಷದ ಆಷಾಢದಲ್ಲಿ, ತುಂಬಿದ ಪೀಪಾಯಿಗಳೊಡನೆ ಹಳ್ಳದ ಇಳಿಜಾರಿನಲ್ಲಿ ಬರುತ್ತಿರುವಾಗ ಹಿಂದಿನ ಟ್ರೈಲರು ಮುಂದಿನ ಬಂಡಿಯನ್ನು ನೂಕಿತು. ಪಿಕಪ್ಪು ಕೆಸರಿನಲ್ಲಿ ಅಡ್ಡವಾಗಿ ಜಾರಿ, ಪುಣ್ಯವಶಾತ್ ಹಳ್ಳದ ಕಡೆಗೆ ಹೋಗದೆ ಧರೆಗೆ ಬಡಿದು ನಿಂತಿತು. ಪಕ್ಕದಲ್ಲಿ ಕುಳಿತಿದ್ದ ಅಣ್ಣನ ಮಗನ ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಅಣ್ಣನಿಗೆ ಒಂದು ಗೀರೂ ಆಗಲಿಲ್ಲ. ಅದೇ ಅವನಿಗೆ ದೊಡ್ಡ ಗಾಯವಾಯಿತೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಬೇಸಗೆಯಲ್ಲಿ ಒಂದು ದಿನ ಅವನ ಫೋನು ಬಂತು. "ನೋಡು ಮಾರಾಯ, ಟೈರು ಸಣ್ಣದಾಯಿತು. ಅದಕ್ಕೇ ಆವತ್ತು ಹಿಡಿತ ಸಿಗಲಿಲ್ಲ. ದೊಡ್ಡದು ಹಾಕಿಸಬೇಕು. ಅಡಿಕೆ ಮಾರಿದ ದುಡ್ಡೆಲ್ಲ ಸೊಸೈಟಿ ಸಾಲಕ್ಕೆ ಹೋಯಿತು. ನಾಲ್ಕು ಟೈರು ನಿನ್ನ ಲೆಕ್ಕ." ಹಿಂದಿನಿಂದ ಹುಡುಗನ ದನಿ ಕೇಳಿತು: "ಚಿಕ್ಕಪ್ಪ, ಮೂವತ್ತೊಂದು ಇಂಚಿನದು! ಮೊಬೈಲಿಗೆ ಫೋಟೋ ಕಳಿಸಿದ್ದೇನೆ, ನೋಡಿ."

ನನಗಾದ ಸಂತೋಷವನ್ನು ಏನೆಂದು ಹೇಳಲಿ! ಇಪ್ಪತ್ತು ವರ್ಷಗಳ ಋಣದಲ್ಲಿ ಒಂದು ಕಂತನ್ನಾದರೂ ತೀರಿಸುವ ಯೋಗ ಬಂತೆಂದು ಹಿಗ್ಗಿ, ಆ ಸಂಜೆಯೇ ಕಾಲೇಜಿನ ಎದುರಿನ ಪಂಕ್ಚರ್ ಅಂಗಡಿಯ ಕಾಕಾನ ಬಳಿಗೆ ಹೋದೆ. ನನ್ನ ಸ್ಕೂಟರಿನ ಆರೋಗ್ಯವನ್ನು ಬಲ್ಲ ವೃದ್ಧರು ಅವರು. ನಾನು ಎಷ್ಟು ದೊಡ್ಡ ಟೈರು ಎಂದು ವರ್ಣಿಸುತ್ತಿದ್ದರೆ, ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೇಷ್ಟ್ರೇ, ಗಾಡಿ ಏನನ್ನು ಎಳೆಯುತ್ತದೆ?"

ಹೇಳಿದೆ. ಕಾಕಾ ಗೋಡೆಗೊರಗಿಸಿದ್ದ ಒಂದು ಟೈರನ್ನು ಉರುಳಿಸಿ ತಂದು, ಅದರ ಪಕ್ಕೆಯನ್ನು ಒರೆಸಿ, "ಓದಿ" ಎಂದರು. ಅಲ್ಲಿ '೨೧೫/೭೫ ಆರ್ ೧೫, ೧೦೦ ಎಸ್' ಎಂದು ಉಬ್ಬಕ್ಷರಗಳಿದ್ದವು. ಅಣ್ಣನ ಪಿಕಪ್ಪಿನದೂ ಇದೇ ಅಳತೆ. ನಾನು ಓದಿದೆ; ಅರ್ಥ ಮಾತ್ರ ಆಗಲಿಲ್ಲ. ಆ ಮುಸ್ಸಂಜೆ ಮೇಷ್ಟ್ರು ವಿದ್ಯಾರ್ಥಿಯಾದ.

೨೧೫ ಎಂದರೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ೭೫ ಎಂದರೆ ಪಕ್ಕೆಯ ಎತ್ತರ ಅಗಲದ ನೂರಕ್ಕೆ ೭೫ ಪಾಲು, ಅಂದರೆ ಸುಮಾರು ೧೬೧ ಮಿಲಿಮೀಟರು. 'ಆರ್' ಎಂದರೆ ರೇಡಿಯಲ್. ಒಳಗಿನ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾದಿರುವ ಜಾತಿ. ೧೫ ಎಂಬುದು ಒಳಗಿನ ರಿಮ್ಮಿನ ಅಡ್ಡಳತೆ, ಅದು ಮಾತ್ರ ಇಂಚಿನಲ್ಲಿ! ಒಂದೇ ಪದದಲ್ಲಿ ಮಿಲಿಮೀಟರನ್ನೂ ಇಂಚನ್ನೂ ಬೆಸೆದ ಈ ಅರಿಸಮಾಸವನ್ನು ನಮ್ಮ ಯಾವ ವೈಯಾಕರಣಿಯೂ ಕ್ಷಮಿಸಲಾರ. ಅದರ ಮುಂದಿನ ೧೦೦ ಎಂಬುದು ಭಾರದ ಸಂಕೇತ, ನೂರು ಕೆ.ಜಿ. ಅಲ್ಲ, ಟೈರೊಂದಕ್ಕೆ ೮೦೦ ಕೆ.ಜಿ. 'ಎಸ್' ಎಂದರೆ ಗಂಟೆಗೆ ೧೮೦ ಕಿ.ಮೀ. ವೇಗದವರೆಗೆ ತಾಳಬಲ್ಲದ್ದು. ಬೇರೆಡೆ ಒಂದು ಅಂಡಾಕಾರದ ಮನೆಯೊಳಗೆ ನಾಲ್ಕು ಅಂಕೆಗಳಿದ್ದವು. ಅದು ಟೈರಿನ ಜಾತಕ. ೨೩೧೯ ಎಂದಿದ್ದರೆ ೨೦೧೯ನೆಯ ಇಸವಿಯ ೨೩ನೆಯ ವಾರದಲ್ಲಿ ಜನನ.

ಮನೆಗೆ ಬಂದು ಕಾಗದ ಪೆನ್ಸಿಲು ಹಿಡಿದು ಕುಳಿತೆ. ಅಣ್ಣನ ಟೈರಿನ ಒಟ್ಟು ಎತ್ತರ ಸುಮಾರು ೭೦೩ ಮಿಲಿಮೀಟರು. ಹುಡುಗ ಮೆಚ್ಚಿದ ೩೧ ಇಂಚಿನದು ೭೮೭. ನೂರಕ್ಕೆ ೧೨ರಷ್ಟು ದೊಡ್ಡದು. ಇದರ ಫಲವನ್ನು ಕಾಕಾ ಮೊದಲೇ ಹೇಳಿದ್ದರು. ನಾನು ಲೆಕ್ಕ ಮಾಡಿ ನಂಬಿದೆ. ಎಂಜಿನ್ನು ಅದೇ, ಗೇರು ಅದೇ. ಆದರೆ ಚಕ್ರ ದೊಡ್ಡದಾದಂತೆ ನೆಲವನ್ನು ತಳ್ಳುವ ಬಲ ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ ಕಡಿಮೆಯಾಗುತ್ತದೆ. ಏರಿನಲ್ಲಿ ಎಳೆಯುವುದು ಕಷ್ಟ. ಅದಕ್ಕಿಂತ ಭಯಂಕರವಾದದ್ದು ಇಳಿಜಾರು: ಬ್ರೇಕು ಅದೇ ಬಿಗಿತದಲ್ಲಿ ಹಿಡಿದರೂ ನೆಲದ ಮೇಲೆ ಅದರ ತಡೆ ಅಷ್ಟೇ ಪಾಲು ಕುಗ್ಗುತ್ತದೆ. ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ, ಮುಳ್ಳು ೫೦ ಎಂದು ತೋರಿಸುವಾಗ ಬಂಡಿ ೫೬ರಲ್ಲಿ ಓಡುತ್ತಿರುತ್ತದೆ. ಅಚ್ಚು ೪೨ ಮಿಲಿಮೀಟರು ಮೇಲೇರಿದರೆ ಕೊಂಡಿಯೂ ಏರಿ, ಟ್ರೈಲರು ಮೂಗೆತ್ತಿ ನಿಲ್ಲುತ್ತದೆ; ಭಾರ ಹಿಂದಕ್ಕೆ ವಾಲಿ, ಅದು ಬಾಲ ಬೀಸತೊಡಗುತ್ತದೆ. ದೊಡ್ಡ ಟೈರು ತಾನು ೧೦೩೦ ಕೆ.ಜಿ. ಹೊತ್ತೀತು, ನಿಜ. ಆದರೆ ಅದರ ಮೇಲಿನ ಅಚ್ಚು, ಪಟ್ಟೆ, ಬ್ರೇಕುಗಳು ಆ ಮಾತಿಗೆ ಒಪ್ಪಿಲ್ಲವಲ್ಲ! ಸಾಲದೆಂಬಂತೆ, ತಯಾರಕರು ಹೇಳಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣವೂ ವಿಧಿಸುತ್ತದೆ.

ಲೆಕ್ಕ ಮುಗಿಯಿತು, ಸಂಕಟ ಮೊದಲಾಯಿತು. ಅಣ್ಣ ಬಾಳಿನಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದ್ದಾನೆ. ನಾನು ಈಗ 'ಬೇಡ' ಎಂದರೆ, ಹಣ ಬಿಚ್ಚಲಾರದೆ ತಮ್ಮ ಗಣಿತ ಹೇಳುತ್ತಿದ್ದಾನೆ ಎಂದುಕೊಂಡಾನು. ಕಣ್ಣುಮುಚ್ಚಿ ಹಣ ಕಳುಹಿಸಿಬಿಡುವುದೇ ಲೇಸೆಂದು ನಾನು ಯೋಚಿಸುತ್ತಿದ್ದಾಗ, ಅಡಿಗೆಮನೆಯ ಬಾಗಿಲಲ್ಲಿ ನಿಂತ ನನ್ನಾಕೆ ಹೇಳಿದಳು: "ಹಣ ಕಳಿಸಿದರೆ ನಿಮ್ಮ ಮನಸ್ಸಿಗೆ ಹಗುರವಾದೀತು. ಇಳಿಜಾರಿನಲ್ಲಿ ಭಾವನವರಿಗೆ?" ಈ ಹೆಂಗಸರು ಲೆಕ್ಕ ಕಲಿಯದೆಯೇ ಉತ್ತರ ಹೇಳಿಬಿಡುತ್ತಾರೆ.

ಭಾನುವಾರ ಊರಿಗೆ ಹೋದೆ. ಊಟವಾದ ಮೇಲೆ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಾ ಕುಳಿತ ಅಣ್ಣನೆದುರು ಶೇಕಡಾವಾರು ತೆಗೆದರೆ ಪ್ರಯೋಜನವಿಲ್ಲವೆಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಅತ್ತಿಗೆ ನೀರು ತುಂಬಿದ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಅಂಗಳ ದಾಟಿದರು. "ಅಣ್ಣ, ಆ ಕೊಡ ಸೊಂಟಕ್ಕೊತ್ತಿ ಇದ್ದರೆ ಹಗುರ. ಅದನ್ನೇ ಕೈಚಾಚಿ ಹಿಡಿ ನೋಡೋಣ?"

"ತೋಳು ಬಿದ್ದುಹೋಗುತ್ತದೆ."

"ಗಾಲಿ ದೊಡ್ಡದು ಮಾಡುವುದೆಂದರೆ ಅದೇ. ನಿನ್ನ ಎಂಜಿನ್ನೂ ಬ್ರೇಕೂ ಕೈಚಾಚಿ ಭಾರ ಹಿಡಿಯಬೇಕಾಗುತ್ತದೆ."

ಅಣ್ಣ ಅಡಕತ್ತರಿಯನ್ನು ಕೆಳಗಿಟ್ಟ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತೋಟದ ಕಡೆ ನೋಡುತ್ತಾ ಕೇಳಿದ: "ಹಾಗಾದರೆ ಅವತ್ತು ಟೈರು ಸಣ್ಣದಾಗಿದ್ದರಿಂದ ಅಲ್ಲ. ಹುಡುಗನಿಗೆ ಪೆಟ್ಟಾದದ್ದು ನನ್ನ ತಪ್ಪಿನಿಂದ."

ಆಗ ನನಗೆ ಎಲ್ಲವೂ ತಿಳಿಯಿತು. ಅವನು ಕೇಳುತ್ತಿದ್ದದ್ದು ದೊಡ್ಡ ಟೈರನ್ನಲ್ಲ. ಒಂದು ವರ್ಷದಿಂದ ಎದೆಯಲ್ಲಿ ಹೊತ್ತಿದ್ದ ಅಪರಾಧವನ್ನು ಇಳಿಸಲು ಒಂದು ಜಾಗವನ್ನು. ಗಾಳಿ ತುಂಬಿದ ಟೈರಿಗೆ ೧೮೮೮ರಲ್ಲಿ ಹಕ್ಕುಪತ್ರ ಪಡೆದ ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್, ಅದನ್ನು ಮೊದಲು ಮಾಡಿದ್ದು ತನ್ನ ಎಳೆಯ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ. ಮಗನ ಮೈ ನೋಯಬಾರದೆಂಬ ತಂದೆಯ ಕಳವಳದಿಂದಲೇ ಹುಟ್ಟಿದ ವಸ್ತು ಅದು. ನಮ್ಮಣ್ಣನೂ ಅದೇ ಕಳವಳದಿಂದಲೇ ಅದನ್ನು ಕೇಳಿದ್ದ. ಅಳತೆ ಮಾತ್ರ ತಪ್ಪಿತ್ತು.

ಇಬ್ಬರೂ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ ಪಿಕಪ್ಪಿನ ಬಳಿಗೆ ಹೋದೆವು. ನಾನು ಕುಕ್ಕರುಗಾಲಿನಲ್ಲಿ ಕುಳಿತು ಟೈರಿನ ಕೆಸರನ್ನು ಒರೆಸಿ ನಾಲ್ಕಂಕೆಯ ಜಾತಕವನ್ನು ಓದಿದೆ. ಒಂಬತ್ತು ವರ್ಷಗಳ ಮುದಿ ಟೈರು! ಬಂಡಿಯ ಜೊತೆಗೇ ಕೈಬದಲಾಗಿ ಬಂದದ್ದು. ಗೀರುಗಳ ತಳದಲ್ಲಿ ಸವೆತವನ್ನು ತೋರಿಸಲೆಂದೇ ೧.೬ ಮಿಲಿಮೀಟರು ಎತ್ತರದ ಸಣ್ಣ ಅಡ್ಡಗಟ್ಟೆಗಳಿರುತ್ತವೆ. ಅವು ಮೇಲ್ಮೈಗೆ ಸಮನಾಗಿಬಿಟ್ಟಿದ್ದವು. ಟ್ರೈಲರಿನ ಎರಡು ಟೈರುಗಳನ್ನಂತೂ ಬೋಳು ಎಂದರೆ ಬೋಳುತಲೆಯವರಿಗೆ ಅವಮಾನ.

"ಅಣ್ಣ, ತಪ್ಪಿನಲ್ಲಿ ನನಗೂ ಪಾಲಿದೆ. ನೀನು ನಾಲ್ಕು ವರ್ಷ ಇದರ ಮೇಲೆ ಓಡಾಡಿದೆ. ನಾನು ನಾಲ್ಕು ವರ್ಷವೂ ಹಬ್ಬಕ್ಕೆ ಬಂದು, ಇದರಲ್ಲೇ ಕುಳಿತು, ಒಮ್ಮೆಯೂ ಬಗ್ಗಿ ನೋಡಲಿಲ್ಲ. ನೀನು ಕೇಳಲೆಂದು ಕಾದೆ."

ಅಣ್ಣ ಉತ್ತರ ಕೊಡಲಿಲ್ಲ. ನನ್ನ ಹೆಗಲ ಮೇಲೆ ಅಂಟಿದ್ದ ಒಣಹುಲ್ಲಿನ ಎಳೆಯನ್ನು ತೆಗೆದುಹಾಕಿದ. ನಮ್ಮ ಮನೆಯಲ್ಲಿ ಪ್ರೀತಿಯ ಭಾಷಣ ಇಷ್ಟೇ ಉದ್ದವಿರುತ್ತದೆ.

ಅಂತೂ ಕೊಂಡದ್ದು ನಾಲ್ಕಲ್ಲ, ಆರು ಟೈರು. ಪಿಕಪ್ಪಿಗೆ ಅದೇ ೨೧೫/೭೫ ಆರ್ ೧೫. ಆದರೆ ೧೦೦ರ ಬದಲು ೧೦೬, ಎಂದರೆ ೯೫೦ ಕೆ.ಜಿ. ತಾಳುವ ಗಟ್ಟಿ ಜಾತಿ, ಕೆಸರಿಗೆ ತಕ್ಕ ಆಳವಾದ ಬಟನ್ನು. ಟೈರು ತಾಳುತ್ತದೆಂದು ಬಂಡಿಗೆ ಹೆಚ್ಚು ಹೇರುವಂತಿಲ್ಲವೆಂದು ಕಾಕಾ ಎರಡು ಸಲ ಹೇಳಿದರು. ಹೆಚ್ಚಿದ್ದು ಅಂಜಿಕೆಯಿಲ್ಲದೆ ಹೊರುವ ಶಕ್ತಿ, ಹೊರುವ ಹಕ್ಕಲ್ಲ. ಟ್ರೈಲರಿನಲ್ಲಿ ಹಿಂಬದಿಗೆ ಇಡುತ್ತಿದ್ದ ಪೀಪಾಯಿಗಳನ್ನು ಅಚ್ಚಿಗಿಂತ ತುಸು ಮುಂದಕ್ಕೆ ಸರಿಸಿ, ಟ್ರೈಲರಿನ ಒಟ್ಟು ಭಾರದ ಹತ್ತನೆಯ ಒಂದು ಪಾಲಾದರೂ ಕೊಂಡಿಯ ಮೇಲೆ ಕೂರುವಂತೆ ಮಾಡಿದೆವು. ಎರಡು ಪೀಪಾಯಿಯನ್ನು ಒಂದೇ ಸಲ ಸಾಗಿಸುವ ಬದಲು ಎರಡು ಸಲಕ್ಕೆ ಹಂಚಿದೆವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಟ್ರೈಲರಿಗೂ ಸಲ್ಲುತ್ತದೆ.

ಹುಡುಗನ ಮುಖ ಎರಡು ದಿನ ಬಾಡಿತ್ತು. ಮೂವತ್ತೊಂದು ಇಂಚು ಹೋಗಿ ಅವನ ಕೈಗೆ ಬಂದದ್ದು ಒಂದು ಗಾಳಿಯ ಮಾಪಕ. ಗಾಳಿ ಕಡಿಮೆಯಾದ ಟೈರು ಭಾರದಡಿ ಬಳುಕಿ ಬಳುಕಿ ಒಳಗೇ ಬಿಸಿಯಾಗಿ ಸಾಯುತ್ತದೆ. ಆದ್ದರಿಂದ ಬೆಳಿಗ್ಗೆ, ಬಂಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗಲೇ ಅಳೆಯಬೇಕೆಂದು ಅವನಿಗೆ ಹೇಳಿಕೊಟ್ಟೆ. ಈಗ ಆರೂ ಟೈರುಗಳ ನಾಡಿ ನೋಡದೆ ಅವನು ಅಪ್ಪನಿಗೆ ಬೀಗದಕೈ ಕೊಡುವುದಿಲ್ಲವಂತೆ.

ಮೊನ್ನೆ ಆಷಾಢದಲ್ಲಿ ಊರಿಗೆ ಹೋಗಿದ್ದೆ. ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ಪಿಕಪ್ಪಿನಲ್ಲಿ ಅಣ್ಣ, ನಡುವೆ ಹುಡುಗ, ಅಂಚಿನಲ್ಲಿ ನಾನು. ಹಿಂದೆ ಒಂದು ಪೀಪಾಯಿಯ ಟ್ರೈಲರು. ಇಳಿಜಾರಿನ ತಲೆಗೆ ಬಂದಾಗ ಮೂವರೂ ಮಾತು ನಿಲ್ಲಿಸಿದೆವು. ಅಣ್ಣ ಬಂಡಿಯನ್ನು ಪೂರ್ತಿ ನಿಲ್ಲಿಸಿ, ಒಂದನೆಯ ಗೇರಿಗೆ ಹಾಕಿ, ಬ್ರೇಕಿನ ಮೇಲೆ ಕಾಲೂರದೆ ಎಂಜಿನ್ನಿನ ಹಿಡಿತದಲ್ಲೇ ಮೆಲ್ಲಮೆಲ್ಲನೆ ಇಳಿಸಿದ. ಕಳೆದ ವರ್ಷ ಬಡಿದಿದ್ದ ಧರೆಯ ಮೇಲೆ ಈಗ ಹಸುರು ಬೆಳೆದಿತ್ತು. ಟ್ರೈಲರು ಸಾಧು ಹಸುವಿನಂತೆ ಹಿಂದೆ ಬಂತು.

ಹಳ್ಳ ದಾಟಿದ ಮೇಲೆ ಅಣ್ಣ ಉಸಿರುಬಿಟ್ಟು, ನನ್ನತ್ತ ತಿರುಗದೆಯೇ ಕೇಳಿದ: "ಏನು ಮೇಷ್ಟ್ರೇ, ವ್ಯಾಕರಣ ಸರಿಯಾಯಿತೋ?"

ಹುಡುಗ ಹಣೆಯ ಮೇಲಿನ ಕಲೆಯನ್ನು ಸವರಿಕೊಳ್ಳುತ್ತಾ ನಕ್ಕ. ನಾನು ಪೂರ್ಣಾಂಕ ಕೊಟ್ಟೆ.