ಆರದ ದೀಪಗಳು

ಆರ್ಮರ್ ಲಾಕ್‌ಲಿಯರ್ ವಿಮಾನದ ರೆಕ್ಕೆಯ ಮೇಲೆ ನಿಂತಿರುವ ಫೋಟೋಗಳು ಬೇಕಾದಷ್ಟು ಸಿಗುತ್ತವೆ. ಎಷ್ಟೋ ಕೆಳಗೆ ಹೊಲಗದ್ದೆ, ರಸ್ತೆ. ಈತ ಮಾತ್ರ ಮನೆಯ ಜಗಲಿಯ ಮೇಲೆ ಗಾಳಿಗೆ ನಿಂತವನ ಹಾಗೆ ನಿರಾಳ. ಆದರೆ ಫೋಟೋದಲ್ಲಿ ವಿಮಾನ ಹಾರುವುದಿಲ್ಲ, ಅವನೂ ನಡೆಯುವುದಿಲ್ಲ. ಹಾರುತ್ತಿದ್ದ, ನಡೆಯುತ್ತಿದ್ದ ಲಾಕ್‌ಲಿಯರ್ ಇದ್ದದ್ದು ಎರಡು ಮೂಕಿ ಚಿತ್ರಗಳಲ್ಲಿ: 1919ರ ‘ದಿ ಗ್ರೇಟ್ ಏರ್ ರಾಬರಿ’ ಮತ್ತು 1920ರ ‘ದಿ ಸ್ಕೈವೇಮನ್’. ಎರಡೂ ಈಗ ಇಲ್ಲ.

ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಬೆಳೆದ ಅವನು ಮೊದಲು ಬಡಗಿ. 1917ರಲ್ಲಿ ಸೇನೆಯ ವಾಯುದಳ ಸೇರಿದ. ತರಬೇತಿಯಲ್ಲಿ ಒಮ್ಮೆ ನೆಲದಿಂದ ತೋರಿಸುತ್ತಿದ್ದ ಸಂಕೇತವನ್ನು ಮೇಲಿನಿಂದ ಓದಬೇಕಿತ್ತಂತೆ. ರೆಕ್ಕೆ, ಎಂಜಿನ್ನು ಅಡ್ಡ ಬಂದವು. ಇವನು ಆಸನ ಬಿಟ್ಟೆದ್ದು ರೆಕ್ಕೆಯ ಮೇಲೆ ಹೋಗಿ ಓದಿಕೊಂಡು ಬಂದ. ಆಗಿನ ಕರ್ಟಿಸ್ ‘ಜೆನ್ನಿ’ ವಿಮಾನಗಳು ಮರದ ಚೌಕಟ್ಟು, ಮೇಲೆ ಬಟ್ಟೆ. ಎರಡು ರೆಕ್ಕೆಗಳ ನಡುವೆ ಮರದ ಗೂಟ, ಬಿಗಿದ ತಂತಿ. ಯಾವ ಮರ ಎಷ್ಟು ಭಾರ ತಾಳುತ್ತದೆಂದು ಬಡಗಿಯ ಕೈಗೆ ಗೊತ್ತಿರಬೇಕು. ಯುದ್ಧ ಮುಗಿದ ಮೇಲೆ ಹಾರುವ ವಿಮಾನದಿಂದ ಇನ್ನೊಂದಕ್ಕೆ ದಾಟುವುದೇ ಅವನ ವೃತ್ತಿಯಾಯಿತು. ಬೆನ್ನಿಗೆ ಪ್ಯಾರಾಚೂಟ್ ಇರುತ್ತಿರಲಿಲ್ಲ. ಸೇನೆಯ ಗೆಳೆಯ ಮಿಲ್ಟನ್ ಎಲಿಯಟ್, ಎಲ್ಲರ ಬಾಯಲ್ಲಿ ‘ಸ್ಕೀಟ್ಸ್’, ವಿಮಾನ ನಡೆಸುತ್ತಿದ್ದ. ಯೂನಿವರ್ಸಲ್‌ನ ಕಾರ್ಲ್ ಲೆಮ್ಲಿ ಮೊದಲ ಚಿತ್ರಕ್ಕೆ ಕರೆದ. ಎರಡನೆಯದು ಫಾಕ್ಸ್ ಕಂಪನಿಯದು. ನಿರ್ದೇಶನ ಜೇಮ್ಸ್ ಹೋಗನ್, ಕಥೆ ಜೂಲ್ಸ್ ಫರ್ತ್‌ಮನ್, ನಾಯಕಿ ಲೂಯಿಸ್ ಲವ್ಲಿ.

ಕಥೆ ತೀರಾ ಸಾದಾ: ಯುದ್ಧದಿಂದ ನೆನಪು ಕಳೆದುಕೊಂಡು ಬಂದ ಪೈಲಟ್‌ಗೆ ವಿಮಾನ ಅಪಘಾತದಿಂದಲೇ ನೆನಪು ಮರಳುತ್ತದೆ. ಕೊನೆಯ ಸಾಹಸ ಬಾಕಿ ಇತ್ತು. ಉರಿಯುವ ವಿಮಾನ ಕತ್ತಲಲ್ಲಿ ಗಿರಗಿರ ಸುತ್ತುತ್ತ ಬೀಳುವ ದೃಶ್ಯ. ಹಗಲಲ್ಲೇ ತೆಗೆದು, ಕ್ಯಾಮೆರಾಕ್ಕೆ ಕೆಂಪು ಫಿಲ್ಟರ್ ಹಾಕಿ ರಾತ್ರಿಯೆನ್ನಿಸೋಣ ಎಂಬುದು ಕಂಪನಿಯ ಲೆಕ್ಕ. ಲಾಕ್‌ಲಿಯರ್ ಒಪ್ಪಲಿಲ್ಲ, ರಾತ್ರಿಯೇ ಹಾರುತ್ತೇನೆಂದು ಹಟ ಹಿಡಿದ.

1920ರ ಆಗಸ್ಟ್ 2. ಲಾಸ್ ಏಂಜಲೀಸ್‌ನಲ್ಲಿ ಚಿತ್ರ ನಿರ್ದೇಶಕ ಸೆಸಿಲ್ ಬಿ. ಡೆಮಿಲ್‌ನ ವಿಮಾನ ನಿಲ್ದಾಣ. ನೋಡಲು ಜನ ನೆರೆದಿದ್ದರು. ಸ್ಟುಡಿಯೋದ ದೊಡ್ಡ ಆರ್ಕ್ ದೀಪಗಳು ಆಕಾಶಕ್ಕೆ ಮುಖ ಮಾಡಿದ್ದವು. ಉರಿಯುವಂತೆ ಕಾಣಲೆಂದು ವಿಮಾನಕ್ಕೆ ಮತಾಪು ಕಟ್ಟಲಾಗಿತ್ತು. ಮೊದಲೇ ಆಗಿದ್ದ ಮಾತು ಇಷ್ಟು: ವಿಮಾನ ಪಕ್ಕದ ಎಣ್ಣೆ ಬಾವಿಗಳ ಗೋಪುರಗಳ ಹತ್ತಿರಕ್ಕೆ ಇಳಿಯುತ್ತಿದ್ದಂತೆ ದೀಪ ಆರಿಸಬೇಕು. ಕಣ್ಣು ಕುಕ್ಕುವ ಬೆಳಕು ಹೋದರೆ ಇಬ್ಬರಿಗೂ ನೆಲ ಎಲ್ಲಿದೆಯೆಂದು ತಿಳಿಯುತ್ತದೆ, ಮೂತಿ ಮೇಲೆತ್ತಬಹುದು. ದೀಪಗಳು ಆರಲಿಲ್ಲ. ಲಾಕ್‌ಲಿಯರ್, ಎಲಿಯಟ್ ಇಬ್ಬರೂ ನೆರೆದವರ ಕಣ್ಣೆದುರೇ ಸತ್ತರು. ಲಾಕ್‌ಲಿಯರ್‌ಗೆ 28 ವರ್ಷ.

ಸೆಪ್ಟೆಂಬರ್ ಮೊದಲ ವಾರಕ್ಕೇ ಚಿತ್ರ ತೆರೆಗೆ ಬಂತು, ಆ ಅಪಘಾತವೂ ಸೇರಿ. ಲಾಭದ ಶೇ. 10ರಷ್ಟು ಇಬ್ಬರ ಕುಟುಂಬಗಳಿಗೆ ಎಂದು ಫಾಕ್ಸ್ ಸಾರಿತು. ದಾನ ಮತ್ತು ಜಾಹೀರಾತು ಇಷ್ಟು ಸಲೀಸಾಗಿ ಒಂದೇ ವಾಕ್ಯದಲ್ಲಿ ಕೂತದ್ದು ನನಗೆ ಇವತ್ತಿಗೂ ಮುಜುಗರ ತರುತ್ತದೆ. ಆದರೂ ಆಗ ಚಿತ್ರ ಉಳಿದಿತ್ತಲ್ಲ! ಫಿಲ್ಟರಿನ ಸುಳ್ಳು ರಾತ್ರಿ ಬೇಡವೆಂದವನು ಕ್ಯಾಮೆರಾಕ್ಕೆ ನಿಜವಾದ ರಾತ್ರಿಯನ್ನು ಕೊಟ್ಟು ಹೋದ. ಅದನ್ನು ಕಾಪಾಡುವ ಒಂದೇ ಕೆಲಸ ಉಳಿದವರ ಪಾಲಿಗಿತ್ತು.

ಆಗಿನ ಫಿಲ್ಮು ನೈಟ್ರೇಟಿನದು. ಹಳತಾದಂತೆ ಅಂಟಂಟಾಗಿ ಪುಡಿಯಾಗುತ್ತದೆ, ಸೆಕೆ ಹೆಚ್ಚಾದರೆ ತಾನೇ ಹೊತ್ತಿಕೊಳ್ಳುತ್ತದೆ. 1937ರ ಜುಲೈನಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿ ಫಾಕ್ಸ್‌ನ ಉಗ್ರಾಣ ಹಾಗೇ ಹೊತ್ತಿ, ಕಂಪನಿಯ ಬಹುಪಾಲು ಮೂಕಿ ಚಿತ್ರಗಳು ಬೂದಿಯಾದವು. ಬೆಂಕಿಯನ್ನಾದರೂ ಕ್ಷಮಿಸಬಹುದು. ಯೂನಿವರ್ಸಲ್ 1948ರಲ್ಲಿ ತನ್ನಲ್ಲುಳಿದಿದ್ದ ಮೂಕಿ ಚಿತ್ರಗಳನ್ನು ಕೈಯಾರೆ ನಾಶ ಮಾಡಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ ತಯಾರಾದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಉಳಿದದ್ದು ಶೇ. 14 ಮಾತ್ರ.

ಕಥೆ ಬರೆದ ಫರ್ತ್‌ಮನ್‌ಗೆ ಈ ನಷ್ಟ ತಟ್ಟಲಿಲ್ಲ; ‘ಶಾಂಘೈ ಎಕ್ಸ್‌ಪ್ರೆಸ್’, ‘ರಿಯೊ ಬ್ರಾವೊ’ ಬರೆದವನ ಆರಂಭದ ಚಿತ್ರವೊಂದು ಹೋದರೆ ಏನಾಯಿತು? ಲೂಯಿಸ್ ಲವ್ಲಿಯ ಕಥೆ ಬೇರೆ. ತವರು ಆಸ್ಟ್ರೇಲಿಯಾಕ್ಕೆ ಮರಳಿ 1925ರಲ್ಲಿ ‘ಜ್ಯುವೆಲ್ಡ್ ನೈಟ್ಸ್’ ಎಂಬ ಚಿತ್ರ ತೆಗೆದಳು. ಅದೂ ತುಣುಕುಗಳಷ್ಟೇ ಉಳಿದಿದೆ. ಕೊನೆಗೆ ಹೋಬಾರ್ಟ್‌ನಲ್ಲಿ ಗಂಡ ಚಿತ್ರಮಂದಿರದ ಮ್ಯಾನೇಜರು, ಇವಳದು ಪಕ್ಕದಲ್ಲೇ ಸಿಹಿತಿಂಡಿಯ ಅಂಗಡಿ. ಸಿನಿಮಾಕ್ಕೆ ಬಂದ ಎಷ್ಟು ಜನ ಮಿಠಾಯಿ ಕೊಟ್ಟ ಮುಖವನ್ನು ಗುರುತಿಸಿದರೋ!

ಲಾಕ್‌ಲಿಯರ್‌ನ ಪ್ರೇಯಸಿ, ನಟಿ ವಯೋಲಾ ಡೇನಾ ಆ ರಾತ್ರಿ ಅಲ್ಲೇ ಇದ್ದಳು. 60 ವರ್ಷಗಳ ನಂತರ ಕೆವಿನ್ ಬ್ರೌನ್ಲೊ ಮತ್ತು ಡೇವಿಡ್ ಗಿಲ್ ಅವರ ‘ಹಾಲಿವುಡ್’ ಟಿವಿ ಸರಣಿಯಲ್ಲಿ ಮುದುಕಿಯಾಗಿ ಕೂತು ಅದನ್ನು ಹೇಳಿದಳು. ರೀಲು ಹೋದ ಮೇಲೆ ಚಿತ್ರ ಉಳಿದದ್ದು ಅಂಥ ಕೆಲವರ ಮಾತಿನಲ್ಲಿ. 1987ರಲ್ಲಿ ಅವಳೂ ತೀರಿಕೊಂಡಳು. ವಿಲ್‌ಶರ್ ಮತ್ತು ಫೇರ್‌ಫ್ಯಾಕ್ಸ್ ರಸ್ತೆಗಳು ಕೂಡುವಲ್ಲಿದ್ದ ಆ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಈಗ ಆಸ್ಕರ್ ಅಕಾಡೆಮಿಯ ಸಿನಿಮಾ ಮ್ಯೂಸಿಯಂ ಇದೆ.

ಹೀಗೆ ಹೋದ ಚಿತ್ರಗಳು ಅಪರೂಪಕ್ಕೆ ಮರಳುವುದೂ ಉಂಟು. ಜಾನ್ ಫೋರ್ಡ್ ಫಾಕ್ಸ್‌ಗಾಗಿ ಮಾಡಿದ ‘ಅಪ್‌ಸ್ಟ್ರೀಮ್’ ನ್ಯೂಜಿಲೆಂಡ್‌ನಲ್ಲಿ ಸಿಕ್ಕ ಸುದ್ದಿ 2010ರಲ್ಲಿ ಬಂತು. ‘ಸ್ಕೈವೇಮನ್’ ಕೂಡ ಎಲ್ಲಾದರೂ ಡಬ್ಬಿಯಲ್ಲಿ ಸಿಕ್ಕಿದರೆ, ನನಗೆ ಆ ಕೊನೆಯ ಬೀಳುವಿಕೆಯನ್ನು ನೋಡುವ ಆಸೆಯಿಲ್ಲ. ಅದಕ್ಕೂ ಮುಂಚಿನ ಒಂದು ಹಗಲ ದೃಶ್ಯ ಸಾಕು: ಇವನು ರೆಕ್ಕೆಯ ಮೇಲೆ ಹೆಜ್ಜೆ ಹಾಕುತ್ತಿರಬೇಕು, ಗೆಳೆಯ ಸ್ಕೀಟ್ಸ್ ಆ ಭಾರಕ್ಕೆ ತಕ್ಕಂತೆ ವಿಮಾನವನ್ನು ಸರಿದೂಗಿಸುತ್ತಿರಬೇಕು.