ಮತ್ತ ಅದನ್ನ ಹಚ್ಚ್ರಿ

ಲಗ್ನದ ಕಾರ್ಡು ಕೈಗೆ ಬಂದರೆ ಉಳಿದವರು ಮುಹೂರ್ತ ನೋಡುತ್ತಾರೆ, ಮಂಗಲ ಕಾರ್ಯಾಲಯ ಎಲ್ಲಿ ಅಂತ ನೋಡುತ್ತಾರೆ. ನಾನು ಕೇಳುವುದು ಒಂದೇ: "ಡಿಜೆ ಯಾರದ್ರಿ?" ಬೀಗರು ಮೊದಮೊದಲು ನಗುತ್ತಿದ್ದರು, ಈಗ ರೂಢಿಯಾಗಿದೆ. ತಲೆ ನೆರೆತ ಮನುಷ್ಯನೊಬ್ಬ ಕನ್ನಡಕ ಹಾಕಿಕೊಂಡು, ಕುಣಿಯದೆ, ಮಾತಾಡದೆ, ಡಿಜೆ ಗಾಡಿಯ ಬದಿಯಲ್ಲಿ ಬೆರಳು ಮಡಚುತ್ತ ನಡೆಯುವುದನ್ನು ಕಂಡರೆ ಯಾರಿಗಾದರೂ ನಗು ಬರುವುದೇ. ಕುಣಿಯುವ ಚಪಲ ನನಗಿಲ್ಲ. ಎಣಿಸುವ ಚಪಲ ಇದೆ.

ನಮ್ಮ ವಿಜಯಪುರದ ಸುತ್ತಮುತ್ತ ಡಿಜೆ ಅಂದರೆ ಟ್ರ್ಯಾಕ್ಟರಿನ ಟ್ರೇಲಿ, ಇಲ್ಲವೆ ಐಷರ್ ಗಾಡಿ. ಕೆಳಗೆ ಬೇಸ್ ಡಬ್ಬಿಗಳು, ಅದರ ಮೇಲೆ ಟಾಪ್‌ಗಳು, ಹಿಂದೆ ಜನರೇಟರು, ನೆತ್ತಿಯ ಮೇಲೆ ಆಕಾಶ ತಿವಿಯುವ ಶಾರ್ಪಿ ಲೈಟು. ಈ ಡಬ್ಬಿಗಳ ಸಂದಿಯಲ್ಲಿ ಎಲ್ಲೋ ಒಂದು ಹಲಗೆ, ಹಲಗೆಯ ಮೇಲೆ ಲ್ಯಾಪ್‌ಟಾಪು, ಧೂಳು ಬೀಳದಂತೆ ಅದಕ್ಕೊಂದು ಟವೆಲ್ಲು, ಒಳಗೆ ವರ್ಚುವಲ್ ಡಿಜೆ, ಮುಂದೆ ಮೀಸೆ ಈಗಷ್ಟೇ ದಟ್ಟವಾಗುತ್ತಿರುವ ಹುಡುಗ. ಮದುಮಗ ಹಣಮಪ್ಪನ ಗುಡಿಗೆ ಹೋಗಿ ಬರುವ ಹಾದಿ ನಡೆದರೆ ಹತ್ತು ನಿಮಿಷದ್ದು. ಡಿಜೆ ಮುಂದಿದ್ದರೆ ಎರಡು ತಾಸು ಹಿಡಿಯುತ್ತದೆ. ಆ ಎರಡು ತಾಸಿನಲ್ಲಿ ಹುಡುಗ ಯಾವ ಹಾಡು ಹಚ್ಚುತ್ತಾನೆ, ಯಾವುದರ ಬೆನ್ನಿಗೆ ಯಾವುದನ್ನು ತರುತ್ತಾನೆ, ಯಾವುದನ್ನು ತಿರುಗಿ ಹಚ್ಚುತ್ತಾನೆ ಎಂದು ಕಿವಿಗೊಡುವುದೇ ನನ್ನ ಹವ್ಯಾಸ. ಮನೆಯಲ್ಲಿ ನನ್ನದೂ ಒಂದು ಹಳೆಯ ಲ್ಯಾಪ್‌ಟಾಪು, ಒಂದು ಸಣ್ಣ ಕಂಟ್ರೋಲರು ಇವೆ. ಹೆಂಡತಿ ಟಿವಿ ನೋಡುವಾಗ ನಾನು ಹೆಡ್‌ಫೋನ್ ಹಾಕಿಕೊಂಡು ನನ್ನ ಮೆರವಣಿಗೆ ಹೊರಡಿಸುತ್ತೇನೆ.

ಮೆರವಣಿಗೆ ಮುಗಿದ ಮೇಲೆ ಊಟದ ಪಂಕ್ತಿಯಲ್ಲಿ ಎರಡು ತಕರಾರು ತಪ್ಪದೆ ಕೇಳಿಬರುತ್ತವೆ. ಒಂದು: "ಏನ್ ಬರೇ ಅವ ಅವ ಹಾಡ ಹಚ್ಚಿದಾ!" ಇನ್ನೊಂದು: "ಯಾವ್ಯಾವೋ ಗೊತ್ತಿಲ್ಲದ್ದು ಹಚ್ಚಿ ಮಜಾನ ಕೆಡಿಸಿದಾ!" ತಮಾಷೆಯೆಂದರೆ ಇವೆರಡೂ ಒಂದೇ ರಾತ್ರಿ, ಒಂದೇ ಡಿಜೆಯ ಮೇಲೆ, ಕೆಲವೊಮ್ಮೆ ಒಂದೇ ಬಾಯಿಂದ ಬರುತ್ತವೆ. ಎರಡೂ ನಿಜವೇ. ಈ ಎರಡು ತಕರಾರುಗಳ ನಡುವೆ ಹಾದಿ ಹುಡುಕುವುದರಲ್ಲೇ ಡಿಜೆಯ ವಿದ್ಯೆಯೆಲ್ಲ ಇದೆ.

ಲೆಕ್ಕದಿಂದ ಸುರು ಮಾಡುತ್ತೇನೆ, ಅದು ನನಗೆ ಪ್ರೀತಿಯ ಭಾಗ. ಹೌಸ್ ಎಂದು ಕರೆಯುವ ಕುಣಿತದ ಸಂಗೀತದಲ್ಲಿ ನಿಮಿಷಕ್ಕೆ 120ರಿಂದ 128 ಪೆಟ್ಟು. ನಾಲ್ಕು ಪೆಟ್ಟಿಗೆ ಒಂದು ಸುತ್ತು, ಎಂಟು ಸುತ್ತಿಗೆ ಒಂದು ಮಾತು ಮುಗಿದಂತೆ. ಅಂದರೆ 32 ಪೆಟ್ಟು. 128ರ ವೇಗದಲ್ಲಿ 32 ಪೆಟ್ಟಿಗೆ ಸರಿಯಾಗಿ 15 ಸೆಕೆಂಡು. ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟುವವನು ಈ 32ರ ಗಡಿಯಲ್ಲಿ ದಾಟಿದರೆ ಕಾಲಿಗೆ ಗೊತ್ತೇ ಆಗುವುದಿಲ್ಲ. 27ರಲ್ಲಿ ದಾಟಿದರೆ ಪೆಟ್ಟಿಗೆ ಪೆಟ್ಟು ಕೂಡಿದರೂ ಏನೋ ಎಡವಿದಂತೆ ಕುಣಿಯುವವರು ಅರೆಗಳಿಗೆ ತಬ್ಬಿಬ್ಬಾಗುತ್ತಾರೆ, ಯಾಕೆಂದು ಅವರಿಗೂ ತಿಳಿಯದು. ನಾನು ಬೆರಳು ಮಡಚುವುದು ಇದಕ್ಕೇ. ನಮ್ಮ ಕಡೆಯ ಹುಡುಗರಿಗೆ ಇದನ್ನು ಯಾರೂ ಪಾಠ ಹೇಳಿಕೊಟ್ಟಿಲ್ಲ. ಹಲಗಿ, ಡೊಳ್ಳು ಕೇಳುತ್ತ ಬೆಳೆದ ಕಿವಿ ತಾನೇ ಎಣಿಸುತ್ತದೆ. ಅವರ ಕಷ್ಟ ಬೇರೆ. ಹಲಗಿಯ ನಡೆ ಮೂರು ಮೂರಾಗಿ ಉರುಳುವಂಥದ್ದು, ಯಂತ್ರದ ನಡೆ ನಾಲ್ಕು ನಾಲ್ಕಾಗಿ ಕುಟ್ಟುವಂಥದ್ದು. ಒಂದರಿಂದ ಇನ್ನೊಂದಕ್ಕೆ ಹಾಯುವಾಗ ಒಳ್ಳೆಯ ಡಿಜೆ ಒಂದು ಗಳಿಗೆ ಬೇಸ್ ಎಳೆದುಬಿಡುತ್ತಾನೆ, ಜನ ಹೋ ಎಂದು ಕೂಗುವಷ್ಟು ಹೊತ್ತು. ಆ ಕೂಗಿನ ಮರೆಯಲ್ಲಿ ನಡೆ ಬದಲಾಗಿರುತ್ತದೆ.

ಹಾಡುಗಳ ಗಂಟು ಊರಿಂದ ಊರಿಗೆ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಪೇಟೆಯಲ್ಲಿ ಹಿಂದಿ ಹೆಚ್ಚು. ಅಥಣಿ ರಸ್ತೆ ಹಿಡಿದು ಟಿಕೋಟಾ ಕಡೆ ಹೋದರೆ ಮರಾಠಿ ಏರುತ್ತದೆ. ದ್ರಾಕ್ಷಿ, ಮಣೂಕದ ವ್ಯಾಪಾರಕ್ಕೆ ಸಾಂಗ್ಲಿ, ತಾಸಗಾಂವಗಳ ಜೊತೆ ಕೊಡುಕೊಳ್ಳುವಿಕೆ ಇದ್ದಮೇಲೆ ಹಾಡೂ ಬರಬೇಕಲ್ಲ. 2016ರ 'ಸೈರಾಟ್' ಚಿತ್ರಕ್ಕೆ ಅಜಯ್-ಅತುಲ್ ಮಾಡಿದ 'ಝಿಂಗಾಟ್' ಅಲ್ಲಿ ಇನ್ನೂ ಹಳತಾಗಿಲ್ಲ. ಮರುವರ್ಷ ಅದೇ ಧಾಟಿ 'ಮನಸು ಮಲ್ಲಿಗೆ' ಚಿತ್ರದಲ್ಲಿ ಕನ್ನಡಕ್ಕೆ ಬಂತು. ನಾನು ಕೇಳಿದ ಮೆರವಣಿಗೆಗಳಲ್ಲಿ ಮಾತ್ರ ಮರಾಠಿಯದೇ ಪಾರುಪತ್ಯ. ಕೃಷ್ಣೆಯ ದಿಕ್ಕಿಗೆ, ಬಬಲೇಶ್ವರದ ಕಡೆ ಹೊರಟರೆ ಜಾನಪದ ಡಿಜೆ ಸಾಂಗ್ ಜೋರು. ಮಾಳು ನಿಪನಾಳರಂಥ ಗಾಯಕರು ಯೂಟ್ಯೂಬಿನಿಂದಲೇ ಈ ಡಬ್ಬಿಗಳಿಗೆ ಇಳಿದು ಬಂದವರು. ಇವೆಲ್ಲಕ್ಕೂ ನಡುವೆ, ಮೂರೂ ಕಡೆ ತಪ್ಪದೆ ಬರುವುದು 2018ರ 'ರ‍್ಯಾಂಬೊ 2' ಚಿತ್ರದ 'ಚುಟು ಚುಟು'. ಅರ್ಜುನ್ ಜನ್ಯ ಸಂಗೀತ, ರವೀಂದ್ರ ಸೊರಗಾವಿ ಮತ್ತು ಶಮಿತಾ ಮಲ್ನಾಡ್ ದನಿ, ನಮ್ಮ ಬಾಯಿಯ ಕನ್ನಡ. ಸಿನಿಮಾದಲ್ಲಿ ನಮ್ಮ ಮಾತು ಬಂದರೆ ಬಹಳ ಸಲ ನಗಿಸಲಿಕ್ಕೆ ಬರುತ್ತದೆ. ಈ ಹಾಡಿನಲ್ಲಿ ಅದು ಕುಣಿಸಲಿಕ್ಕೆ ಬಂತು, ಹಾಗಾಗಿ ಮನೆ ಮಗಳಂತೆ ಉಳಿದುಬಿಟ್ಟಿತು.

ಈಗ ನೋಡಿ, ಈ ಒಂದು ಹಾಡಿಗೆ ಹಲಗಿ ಮಿಕ್ಸ್ ಇದೆ, ನಾಸಿಕ್ ಢೋಲ್ ಮಿಕ್ಸ್ ಇದೆ, ಟ್ರಾನ್ಸ್ ಇದೆ, ಬರೀ ಬೇಸ್ ಪರೀಕ್ಷೆಗೆಂದೇ ಮಾಡಿದ್ದಿದೆ. ಎಫ್‌ಎಲ್ ಸ್ಟುಡಿಯೊ ಕಲಿತ ಹುಡುಗರು ಮನೆಯ ಕೋಣೆಯಲ್ಲಿ ಕೂತು ಮಾಡಿ ಬಿಡುತ್ತಾರೆ, ನಡುವೆ ತಮ್ಮ ಹೆಸರನ್ನೂ ಗುಡುಗುವ ದನಿಯಲ್ಲಿ ಸೇರಿಸಿರುತ್ತಾರೆ. ಹೀಗಾಗಿ ಟಿಕೋಟಾದ ಮದುವೆಯಲ್ಲಿ, ಟಿಕೋಟಾದ ಹುಡುಗನ ಡಿಜೆಯಲ್ಲಿ, ಮದುಮಗ ಕುದುರೆ ಏರುವ ಹೊತ್ತಿಗೆ ಸರಿಯಾಗಿ ಎಲ್ಲಿಯವನೋ ಒಬ್ಬ ಡಿಜೆಯ ಹೆಸರು ಮೂರು ಸಲ ಮೊಳಗುತ್ತದೆ. ಮದುಮಗನ ಹೆಸರು ಅಷ್ಟು ಸಲ ಮೊಳಗಿದ್ದನ್ನು ನಾನು ಕೇಳಿಲ್ಲ.

ಒಂದು ಹಾಡಿಗೆ ಇಷ್ಟು ರೂಪಗಳಿದ್ದಮೇಲೆ ಅದನ್ನೇ ಹಚ್ಚಿದ ಎನ್ನುವುದು ಎಷ್ಟು ಸರಿ? ನನಗೆ ನಿಜವಾಗಿ ಬೇಸರ ತರಿಸುವುದು ಇದರ ವಿರುದ್ಧ ತುದಿಯದು, ನಾನ್‌ಸ್ಟಾಪ್ ಎಂಬ ಹೆಸರಿನದು. ಅರ್ಧ ನಿಮಿಷಕ್ಕೊಂದು ಹಾಡು; ಪಲ್ಲವಿ ಬಾಯಿಗೆ ಬರುವಷ್ಟರಲ್ಲಿ ಇನ್ನೊಂದು, ಅದು ಬರುವಷ್ಟರಲ್ಲಿ ಮತ್ತೊಂದು. ನೂರು ಹಾಡು ಕೇಳಿದರೂ ಒಂದೂ ಕೇಳಿದಂತಾಗುವುದಿಲ್ಲ.

ತಿರುಗಿ ಹಚ್ಚುವುದರ ಗುಟ್ಟನ್ನು ನನಗೆ ಹೇಳಿಕೊಟ್ಟವನು ಟಿಕೋಟಾದ ಒಬ್ಬ ಡಿಜೆ ಹುಡುಗ. ಜನರೇಟರಿಗೆ ಡೀಸೆಲ್ ಹಾಕುವಾಗ ಸಿಕ್ಕ ಬಿಡುವಿನಲ್ಲಿ ಕೇಳಿದೆ: ಈಗ ಮುಗಿದ ಹಾಡನ್ನೇ ಯಾಕಪ್ಪಾ ಮತ್ತೆ ಹಚ್ಚಿದೆ? "ಕಾಕಾ, ನೀವು ಗಂಡಮಕ್ಕಳ ಕಡೆ ನೋಡಾಕತ್ತಿದ್ರಿ. ಹೆಣ್ಮಕ್ಕಳ ಕಡೆ ನೋಡಬೇಕು. ಹಾಡ ಅರ್ಧಾ ಆದಮ್ಯಾಗ ಅವ್ರು ಒಬ್ರನ್ನೊಬ್ರು ನೂಕ್ಕೊಂತ ಒಳಗ ಬರ್ತಾರ. ನಾಕ್ ಹೆಜ್ಜಿ ಹಾಕೂದ್ರಾಗ ಹಾಡ ಮುಗೀತದ. ಹೊಸಾದು ಹಚ್ಚಿದ್ರ ಸೆರಗ ಸರಿ ಮಾಡ್ಕೊಂಡು ಹೊಳ್ಳಿ ಹೊಕ್ಕಾರ. ಅದನ್ನ ಹಚ್ಚಿದ್ರ ನಿಂದ್ರತಾರ." ಅಲ್ಲಿಂದ ಮುಂದೆ ನನ್ನ ಕಣ್ಣು ಗುಂಪಿನ ನಡುವನ್ನು ಬಿಟ್ಟು ಅಂಚಿಗೆ ಹೋಯಿತು. ಅವನ ಮಾತು ನಿಜ. ನಡುವೆ ಕುಣಿಯುವವರು ಮದುಮಗನ ಗೆಳೆಯರು, ಅವರಿಗೆ ಜನರೇಟರಿನ ಸದ್ದಿದ್ದರೂ ಸಾಕು. ಎರಡನೇ ಸಲ ಹಚ್ಚುವುದು ಅಂಚಿನಲ್ಲಿ ನಿಂತವರ ಸಲುವಾಗಿ: ಚಿಕ್ಕಮ್ಮ, ಅತ್ತಿಗೆ, ಸೊಸೆಯನ್ನು ನೋಡಲು ಬಂದು ಕಟ್ಟೆಯ ಮೇಲೆ ಕೂತ ಮುದುಕಿ. ಧೈರ್ಯ ಕೂಡಿಬರಲು ಅವರಿಗೆ ಒಂದು ಹಾಡಿನಷ್ಟು ಹೊತ್ತು ಬೇಕು.

ಇದೇ ಪಾಠ ನ್ಯೂಯಾರ್ಕಿನಲ್ಲೂ ನಡೆದಿದೆ. ಅಲ್ಲಿ 1977ರಿಂದ 1987ರವರೆಗೆ ಪ್ಯಾರಡೈಸ್ ಗ್ಯಾರೇಜ್ ಎಂಬ ಕುಣಿತದ ಮನೆಯಿತ್ತು, ಲ್ಯಾರಿ ಲೆವಾನ್ ಅದರ ಡಿಜೆ. 1981ರಲ್ಲಿ ತಾನಾ ಗಾರ್ಡ್ನರ್ ಹಾಡಿದ 'ಹಾರ್ಟ್‌ಬೀಟ್' ಬಂತು. ಉಳಿದ ಕುಣಿತದ ಹಾಡುಗಳಿಗಿಂತ ಬಹಳ ನಿಧಾನದ ನಡೆ. ಲೆವಾನ್ ಮೊದಲ ಸಲ ಹಚ್ಚಿದಾಗ ಜನ ಅಂಗಳ ಬಿಟ್ಟು ತಿನ್ನಲು ಹೋದರಂತೆ. ಅವನು ಬಿಡಲಿಲ್ಲ, ಹಚ್ಚುತ್ತಲೇ ಹೋದ. ಕೆಲವೇ ವಾರಗಳಲ್ಲಿ ಅದೇ ಹಾಡಿಗೆ ಜನ ಓಡಿಬರುವಂತಾಯಿತು ಎಂದು ಹೇಳುತ್ತಾರೆ. ಅದಕ್ಕೂ ಮುಂಚೆ, 1973ರಲ್ಲಿ ಅದೇ ನಗರದ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಒಂದೇ ತಟ್ಟೆಯ ಎರಡು ಪ್ರತಿ ಇಟ್ಟುಕೊಂಡು, ಹಾಡಿನ ನಡುವೆ ಬರೀ ಡ್ರಮ್ಮು ಬರುವ ತುಣುಕನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಹಿಗ್ಗಿಸುತ್ತಿದ್ದ. ಜನ ಆ ತುಣುಕಿಗೇ ಕಾಯುತ್ತಾರೆಂದು ಅವನು ಕಂಡುಕೊಂಡಿದ್ದ. ಹಿಪ್‌ಹಾಪ್ ಹುಟ್ಟಿದ್ದೇ ಅಲ್ಲಿಂದ ಎನ್ನುತ್ತಾರೆ. ಅಷ್ಟು ದೊಡ್ಡ ಸಂತತಿಯ ಮೂಲದಲ್ಲಿ ಇದ್ದದ್ದು "ಮತ್ತ ಅದನ್ನ ಹಚ್ಚ್ರಿ" ಎಂಬ ಬೇಡಿಕೆಯೇ.

ನಮ್ಮ ಭಜನಿಯವರಿಗೆ ಇದನ್ನು ಹೇಳಿದರೆ "ಅದರಾಗೇನ ವಿಶೇಷ?" ಎಂದಾರು. ಶ್ರಾವಣದ ರಾತ್ರಿ ಗುಡಿಯಲ್ಲಿ ಕೂತು ಕೇಳಿ. ಹಾಡುವವ ನುಡಿ ಬೆಳೆಸುತ್ತಾನೆ, ಅದು ಅವನ ಪಾಲು. ಪಲ್ಲವಿಗೆ ಬಂದೊಡನೆ ತಾಳ ಹಿಡಿದವರು, ಕಂಬಕ್ಕೆ ಒರಗಿದವರು, ಆಗಲೇ ತೂಕಡಿಸುತ್ತಿದ್ದವರು ಎಲ್ಲರೂ ಎತ್ತಿಕೊಳ್ಳುತ್ತಾರೆ. ಅಲಾಯಿ ಹಬ್ಬದ ಹೆಜ್ಜೆಮೇಳದಲ್ಲೂ ಅದೇ. ರಿವಾಯತ್ ಪದದ ಕಥೆ ಮುಂದೆ ಹೋಗುತ್ತಿರುತ್ತದೆ, ಕಾಲು ಮಾತ್ರ ಅದೇ ಹೆಜ್ಜೆಗೆ ಮರಳುತ್ತದೆ. ಹೊಸತು ಹಾಡುವವನದು, ಹಳತು ಎಲ್ಲರದು. ಡಿಜೆ ಬಂದು ಹಳೆಯದೆಲ್ಲ ಹಾಳಾಯಿತು ಎನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಬ್ಯಾಂಡು ಬಂದಾಗಲೂ ಹಾಗೇ ಅಂದಿದ್ದರು.

ಹಾಗೆಂದು ಬರೀ ಮರುಕಳಿಸಿದರೆ ಸಂಗೀತವಾಗುವುದಿಲ್ಲ. ಅದಕ್ಕೆ ಸಾಕ್ಷಿ ಬೇಕಾದವರು ಸೂಟಿಯ ದಿನ ಗೋಳಗುಮ್ಮಟದ ಮೇಲೇರಿ ನೋಡಲಿ. 1656ರ ಆ ಗುಮ್ಮಟ ಒಂದು ಕೂಗಿಗೆ ಹಲವು ಸಲ ಮಾರುತ್ತರ ಕೊಡುತ್ತದೆ. ಅದು ಅದ್ಭುತವೇ, ಒಬ್ಬನೇ ಕೂಗಿದಾಗ. ಶಾಲೆಯ ಪ್ರವಾಸದ ಎರಡು ಬಸ್ಸು ಒಟ್ಟಿಗೆ ಬಂದ ದಿನ ಕಿವಿ ಮುಚ್ಚಿಕೊಂಡು ಇಳಿಯಬೇಕು. ಯಾವ ಸದ್ದನ್ನು ಹೊಳ್ಳಿ ಕೊಡಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವವರು ಅಲ್ಲಿ ಯಾರೂ ಇಲ್ಲ.

ಆರಿಸಿದವನು ಬೇರೊಬ್ಬನಿದ್ದ, ಟಿಕೋಟಾದ ಹಾದಿಯಲ್ಲೇ. ವಿಜಯಪುರ ಬಿಟ್ಟು ಸ್ವಲ್ಪ ದೂರಕ್ಕೆ ತೊರವಿ. ಎರಡನೇ ಇಬ್ರಾಹಿಂ ಆದಿಲಶಾಹ ನವರಸಪುರ ಕಟ್ಟಲು ಹೊರಟ ಜಾಗ, ಸಂಗೀತ ಮಹಲಿನ ಕಮಾನುಗಳು ಇನ್ನೂ ನಿಂತಿವೆ. 1580ರಿಂದ 1627ರವರೆಗೆ ಆಳಿದ ಈ ಸುಲ್ತಾನ ತನ್ನ ತಂಬೂರಕ್ಕೆ ಮೋತಿಖಾನ್ ಎಂದು ಹೆಸರಿಟ್ಟು ಮುದ್ದು ಮಾಡಿದವ. ಅವನ 'ಕಿತಾಬ್-ಎ-ನವರಸ್' ದಖ್ಖನಿ ಹಾಡುಗಳ ಹೊತ್ತಿಗೆ. 59 ಹಾಡು, 17 ದೋಹೆ, ಹಾಡುಗಳನ್ನು ರಾಗ ರಾಗಕ್ಕೆ ವಿಂಗಡಿಸಿ ಇಟ್ಟಿದ್ದಾನೆ. ನನ್ನ ಲ್ಯಾಪ್‌ಟಾಪಿನಲ್ಲಿ ಹಾಡುಗಳನ್ನು ವೇಗದ ಲೆಕ್ಕದಲ್ಲಿ ಫೋಲ್ಡರ್ ಮಾಡಿಟ್ಟಾಗ ಈ ದೊರೆ ನೆನಪಾದ. ರಾಗ ಎಂದರೂ ಅದೇ ಸ್ವರಗಳಿಗೆ ಮರಳಿ ಮರಳಿ ಬರುತ್ತ, ಬರುವ ದಾರಿಯನ್ನು ಮಾತ್ರ ಬದಲಿಸುವ ಆಟವಲ್ಲವೇ?

ಇದು ನನ್ನ ತಲೆಯ ಹುಚ್ಚು ಕಲ್ಪನೆಯೆಂದು ತಿಳಿಯಬೇಡಿ. ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ನಡೆಗೆ ಕೂಡಿಸಿ ಒಂದು ರೆಕಾರ್ಡು ತಂದರು. ಕೆಳಗೆ ರೋಲಂಡ್ ಕಂಪನಿಯ ಯಂತ್ರಗಳು ಬಿಡದೆ ಒಂದೇ ಪೆಟ್ಟು ಕುಟ್ಟುತ್ತವೆ, ಮೇಲೆ ಭೈರವ, ಯಮನ್, ಮಾಲಕಂಸ ಸುಳಿದಾಡುತ್ತವೆ. ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಕೇಳಿದವರು ದಂಗಾದರು. ಶಿಕಾಗೋದ ಹುಡುಗರು ಅದೇ ಯಂತ್ರದಿಂದ ಆಸಿಡ್ ಹೌಸ್ ಎಂಬ ಸದ್ದು ತೆಗೆಯುವುದಕ್ಕೆ ವರ್ಷಗಳ ಮೊದಲೇ ಇವರು ತೆಗೆದಿದ್ದರು.

ಸದ್ದಿನ ಮಾತು ಬಂದಿತು, ಅದನ್ನೂ ಹೇಳಿಬಿಡುತ್ತೇನೆ. ಎದೆ ನಡುಗುವಷ್ಟು ಬೇಸ್ ಕೊಡುವವರ ಪಕ್ಷ ನಾನು ವಹಿಸುವುದಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಎಂದು 2000ದ ನಿಯಮ ಹೇಳುತ್ತದೆ. ನಮ್ಮ ಗಾಡಿಗಳು ಆ ಅಂಕಿಯನ್ನು ಜನರೇಟರ್ ಚಾಲೂ ಮಾಡಿದಾಗಲೇ ದಾಟಿರುತ್ತವೆ. ಆದರೆ ರಾತ್ರಿ ಹತ್ತರ ಗಡಿ ಡಿಜೆಗಳಿಗೆ ಒಂದು ಉಪಕಾರ ಮಾಡಿದೆ. ಮೆರವಣಿಗೆಗೆ ಕೊನೆ ಎಂಬುದೊಂದು ಬಂದಿದೆ. ಒಂಬತ್ತೂವರೆಗೆ ಏನು, ಮುಕ್ಕಾಲಿಗೆ ಏನು, ಉಳಿದ ಮೂರೇ ಹಾಡಿನಲ್ಲಿ ಯಾವುದನ್ನು ತಿರುಗಿ ಹಚ್ಚಬೇಕು ಎಂದು ಈಗ ವಿಚಾರ ಮಾಡಲೇಬೇಕು.

ಬಬಲೇಶ್ವರದಲ್ಲಿ ಈ ಸಲ ತಂಗಿಯ ಮಗನ ಮದುವೆ. ಗಾಡಿ ಬೇರೆಯವರದು, ಅರ್ಧ ತಾಸು ನನಗೆ ಬಿಟ್ಟುಕೊಡಲು ಆ ಹುಡುಗ ಒಪ್ಪಿದ್ದಾನೆ. "ಮಾಮಾ, ಜನ ಕುಣೀಬೇಕ್ರಿ ಮತ್ತ, ನಿಮ್ಮ ರಾಗಾ-ಗೀಗಾ ಬ್ಯಾಡ" ಎಂದು ಮದುಮಗ ಈಗಾಗಲೇ ತಾಕೀತು ಮಾಡಿದ್ದಾನೆ. ಆಯ್ತಪ್ಪಾ ಅಂದಿದ್ದೇನೆ. ಝಿಂಗಾಟ್ ಇದೆ, ಹಲಗಿ ಮಿಕ್ಸ್ ಇದೆ, ಚುಟು ಚುಟು ಎರಡು ರೂಪದಲ್ಲಿದೆ, ನಡುವೆ ಹೆಣ್ಮಕ್ಕಳು ಒಳಗೆ ಬರುವಷ್ಟು ಜಾಗ ಇದೆ. ಎರಡು ಚುಟು ಚುಟುಗಳ ಸಂದಿಯಲ್ಲಿ 32 ಪೆಟ್ಟು ಮಾತ್ರ ಚರಣ್‌ಜಿತ್ ಸಿಂಗರ ಯಮನ್ ಕೂಡಿಸಿ ಇಟ್ಟಿದ್ದೇನೆ. ಹದಿನೈದು ಸೆಕೆಂಡಿಗೆ ಯಾರೂ ಓಡಿಹೋಗಲಾರರು. ಓಡಿಹೋದರೆ, ಲೆವಾನನ ಆಣೆ, ಮತ್ತೊಮ್ಮೆ ಹಚ್ಚುವವನೇ.