ಮಣ್ಣಿನಡಿಯ ಓಲೆ

“ಈ ವಯಸ್ಸಿನಲ್ಲಿ, ಕೈಯಿಂದ ಹಣ ಕೊಟ್ಟು ಮಣ್ಣು ಅಗೆಯುತ್ತೀಯಾ, ಅಮ್ಮಾ?” ಎಂದು ಮಗ ನಕ್ಕನು. ಮೂವತ್ತು ವರ್ಷ ಇತಿಹಾಸದ ಪಾಠ ಹೇಳಿದವಳು ನಾನು. ಆದರೆ ಇತಿಹಾಸವನ್ನು ಕೈಯಿಂದ ಮುಟ್ಟಿರಲಿಲ್ಲ.

ಉತ್ತರ ಇಂಗ್ಲೆಂಡಿನಲ್ಲಿ, ಹೇಡ್ರಿಯನ್ ಚಕ್ರವರ್ತಿಯ ಗೋಡೆಗೆ ತುಸು ದಕ್ಷಿಣಕ್ಕೆ, ವಿಂಡೊಲಾಂಡ ಎಂಬ ರೋಮನ್ ಕೋಟೆಯ ಅವಶೇಷಗಳಿವೆ. ಅಲ್ಲಿಯ ಉತ್ಖನನದಲ್ಲಿ ಪ್ರತಿವರ್ಷವೂ ಸ್ವಯಂಸೇವಕರಿಗೆ ಅವಕಾಶವುಂಟು. ಹದಿನಾರು ವರ್ಷ ತುಂಬಿರಬೇಕು, ಬಗ್ಗಿ ಏಳುವ ಶಕ್ತಿಯಿರಬೇಕು, ಪೂರ್ವಾನುಭವ ಬೇಕಿಲ್ಲ. ಆದರೆ ಬಹಳ ಮುಂಚೆಯೇ ಹೆಸರು ನೋಂದಾಯಿಸಿ ಶುಲ್ಕ ಕಟ್ಟಬೇಕು. ತಡಮಾಡಿದರೆ ಸ್ಥಳ ದೊರೆಯುವುದಿಲ್ಲ. ಹಿಂದಿನ ಚಳಿಗಾಲದಲ್ಲಿಯೇ ನಾನು ಮೈಸೂರಿನಿಂದ ಹೆಸರು ಕೊಟ್ಟು, ಬೇಸಗೆಗೆ ಮಗನ ಮನೆ ಸೇರಿದ್ದೆ.

ಎರಡು ದಿನ ಮಂಡಿಯೂರಿ ಕರಣೆಯಿಂದ ಮಣ್ಣು ಕೆರೆದೆ. ಕಲ್ಲು, ಮಡಕೆಯ ಚೂರುಗಳ ಹೊರತು ಏನೂ ಸಿಕ್ಕಲಿಲ್ಲ. ಮೂರನೆಯ ದಿನ ಪಕ್ಕದವರ ಕೈಗೆ ಚರ್ಮದ ಪಾದರಕ್ಷೆಯ ಅಟ್ಟೆಯೊಂದು ಬಂದಿತು. ಆಳದ ಕೆಸರಿನಲ್ಲಿ ಗಾಳಿಯಾಡದ ಕಾರಣ ಅಲ್ಲಿ ಚರ್ಮ, ಮರಗಳು ಕೊಳೆಯದೆ ಉಳಿದಿವೆಯಂತೆ.

1973ರಲ್ಲಿ ಅಂಥದೇ ಮಣ್ಣಿನಿಂದ ಮಸಿಯಲ್ಲಿ ಬರೆದ ತೆಳು ಮರದ ಹಲಗೆಗಳು ದೊರೆಯತೊಡಗಿದವು. ಅವುಗಳಲ್ಲೊಂದು, ಸುಮಾರು ಕ್ರಿ. ಶ. 100ರ ಓಲೆ. ಕ್ಲಾಡಿಯಾ ಸೆವೆರಾ ಎಂಬಾಕೆ ತನ್ನ ಹುಟ್ಟುಹಬ್ಬಕ್ಕೆ ಗೆಳತಿ ಸಲ್ಪಿಸಿಯಾ ಲೆಪಿಡಿನಾಳನ್ನು ಕರೆದದ್ದು. ಓಲೆಯನ್ನು ಬೇರೆಯವರಿಂದ ಬರೆಯಿಸಿ, ಕೊನೆಯಲ್ಲಿ ‘ಸೋದರಿ’ ಎಂದು ಕರೆದು ತಾನೇ ನಾಲ್ಕು ಮಾತು ಸೇರಿಸಿದ್ದಾಳೆ. ಹೆಣ್ಣೊಬ್ಬಳು ಲ್ಯಾಟಿನ್ನಿನಲ್ಲಿ ಸ್ವಹಸ್ತದಿಂದ ಬರೆದ ಅತಿ ಹಳೆಯ ಬರಹಗಳಲ್ಲಿ ಅದೂ ಒಂದು.

ಇದನ್ನು ಕೇಳುತ್ತಿದ್ದಂತೆ ನನ್ನ ಕೈಯ ಕರಣೆ ನಿಂತಿತು. ತೌರುಮನೆಯ ಪಾಲಿನ ಮಾತಿನಲ್ಲಿ ಮನಸ್ಸು ಮುರಿದು, ಅಕ್ಕನೊಡನೆ ನಾನು ಮಾತುಬಿಟ್ಟು ಎರಡು ವರ್ಷವಾಗಿತ್ತು. ಹೋದ ದೀಪಾವಳಿಗೆ ಆಕೆ ಮೊಮ್ಮಗಳಿಂದ ಕಾಗದ ಬರೆಯಿಸಿದ್ದಳು. ಕೆಳಗೆ, ನಡುಗುವ ಅಕ್ಷರಗಳಲ್ಲಿ, “ಒಮ್ಮೆ ಬಂದು ಹೋಗೇ” ಎಂದು ತಾನೇ ಬರೆದಿದ್ದಳು. ನಾನು ಉತ್ತರ ಕೊಟ್ಟಿರಲಿಲ್ಲ.

ಸಂಜೆ ಕೈತೊಳೆದುಕೊಂಡು ಮಗನನ್ನು ಕಾಗದ ಕೇಳಿದೆ.

“ಫೋನ್ ಮಾಡಬಹುದಲ್ಲಮ್ಮಾ?”

“ಬೇಡಪ್ಪಾ, ದೊಡ್ಡಮ್ಮನಿಗೆ ನನ್ನ ಕೈಬರಹವೇ ಹೋಗಲಿ.”

ಊರಿಗೆ ಮರಳಿದೊಡನೆ ಬರುವೆನೆಂದು ಅಕ್ಕನಿಗೆ ಬರೆದೆ. ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ಮಣ್ಣು ಕಾಗದದ ಅಂಚಿಗೆ ಸ್ವಲ್ಪ ತಾಗಿತ್ತು. ಹಾಗೆಯೇ ಮಡಿಸಿ ಅಂಚೆಗೆ ಹಾಕಿದೆ.